ವದಂತಿಯೂ ಲಸಿಕೆಯೂ

ಬೆಂಗಳೂರಿನ ಪೂರ್ವಕ್ಕೆ, ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿಗೆ ಹೋಗುವ ಹಾದಿಯಲ್ಲಿ ಗರುಡಾಚಾರ್‌ಪಾಳ್ಯವೆಂಬ ಊರುಂಟು. ಊರೆಂದು ಕರೆಯುವುದು ಈಗ ಹಳೆಯ ರೂಢಿಯಿಂದ ಮಾತ್ರ. ಕೆರೆ ಹೊಲಗಳ ನಡುವಣ ಹಳ್ಳಿಯಾಗಿದ್ದ ಅದು ಮಹದೇವಪುರದ ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡು ಬೆಳೆದು ಮಹಾನಗರದೊಳಗೆ ಲೀನವಾಗಿದೆ. 2023ರ ಮಾರ್ಚ್ ತಿಂಗಳಲ್ಲಿ ಆ ದಾರಿಯಲ್ಲಿ ಮೆಟ್ರೊ ರೈಲು ಓಡತೊಡಗಿದ ಬಳಿಕ, ಸಿಂಗಯ್ಯನಪಾಳ್ಯಕ್ಕೂ ಹೂಡಿಗೂ ನಡುವಣ ನಿಲ್ದಾಣಕ್ಕೆ ಅದರ ಹೆಸರೇ ಬಂದಿದೆ. ಇಲ್ಲಿನ ಬೀದಿಗಳಲ್ಲಿ ಕನ್ನಡದೊಡನೆ ತೆಲುಗು, ತಮಿಳು, ಉರ್ದು, ಹಿಂದಿ ಮೊದಲಾದ ನುಡಿಗಳು ಕಿವಿಗೆ ಬೀಳುತ್ತವೆ. ದುಡಿಮೆಗಾಗಿ ದೂರದಿಂದ ಬಂದು ನೆಲಸಿದವರಿಗೆ ಪಕ್ಕದ ಮನೆಯವರ ಪರಿಚಯ ಅಷ್ಟಕ್ಕಷ್ಟೆ. ಆದರೆ ಕೈಯಲ್ಲಿರುವ ದೂರವಾಣಿಯೊಳಗೆ ಅವರ ಊರು ಸಮಗ್ರವಾಗಿ ನೆಲಸಿರುತ್ತದೆ: ಅಣ್ಣತಮ್ಮಂದಿರ ಗುಂಪು, ಕುಲಬಾಂಧವರ ಗುಂಪು, ಒಂದೇ ಶಾಲೆಯಲ್ಲಿ ಓದಿದವರ ಗುಂಪು. ಮಗುವಿಗೆ ಜ್ವರ ಬಂದಾಗ ಬೀದಿಯ ಕೊನೆಯಲ್ಲಿರುವ ವೈದ್ಯನಿಗಿಂತ ಮೊದಲು ಸಲಹೆ ಕೊಡುವುದು ಐನೂರು ಕಿಲೋಮೀಟರು ದೂರದಲ್ಲಿರುವ ಸೋದರತ್ತೆ.

ಇದರಲ್ಲಿ ತಪ್ಪೇನೂ ಇಲ್ಲ. ಮನುಷ್ಯನು ತನ್ನ ಮೈಯ ವಿಚಾರವನ್ನು ಎಂದೂ ಒಬ್ಬನೇ ಕುಳಿತು ನಿರ್ಣಯಿಸಿದವನಲ್ಲ. ಹಿರಿಯರನ್ನು ಕೇಳಿದ್ದಾನೆ, ನೆರೆಯವರನ್ನು ಕೇಳಿದ್ದಾನೆ, ಸಂತೆಯಲ್ಲಿ ಬೇರು ಮಾರುವವನ ಮಾತಿಗೂ ಕಿವಿಗೊಟ್ಟಿದ್ದಾನೆ. ಹೊಸದೇನೆಂದರೆ, ಸಂತೆಯ ಮಾತು ಸಂತೆ ಮುಗಿಯುವಷ್ಟರಲ್ಲಿ ಆರಿಹೋಗುತ್ತಿತ್ತು. ಈಗಿನ ಮಾತು ಆರುವುದಿಲ್ಲ. ಅಲ್ಲದೆ ಅದು ಬರುವುದು ಅಪರಿಚಿತನ ಬಾಯಿಂದಲ್ಲ, ನಂಬಿಕೆಯ ಬಂಧುವಿನ ಹೆಸರಿನಲ್ಲಿ. ಅದನ್ನು ಮೊದಲು ಬರೆದವರು ಯಾರೆಂಬುದು ಬಂಧುವಿಗೂ ತಿಳಿಯದು. ಈ ಹೊಸ ಸನ್ನಿವೇಶವು ಜನರ ಆರೋಗ್ಯದ ನಿರ್ಧಾರಗಳ ಮೇಲೆ ಹೇಗೆ ಪರಿಣಾಮ ಮಾಡುತ್ತದೆಂಬುದನ್ನು ನಮ್ಮ ರಾಜ್ಯದಲ್ಲಿಯೇ ನಡೆದ ಒಂದು ಪ್ರಸಂಗದ ಮೂಲಕ ವಿಚಾರಮಾಡೋಣ.

2017ರ ಪ್ರಸಂಗ

ದಡಾರ ಮತ್ತು ರುಬೆಲ್ಲಾ ರೋಗಗಳೆರಡನ್ನೂ ತಡೆಯುವ ಲಸಿಕೆಯ ದೇಶವ್ಯಾಪಿ ಅಭಿಯಾನವು 2017ರ ಫೆಬ್ರವರಿ 5ರಂದು ಬೆಂಗಳೂರಿನಲ್ಲಿ ಉದ್ಘಾಟಿತವಾಯಿತು. ಮೊದಲ ಹಂತಕ್ಕೆ ಆರಿಸಿಕೊಂಡ ಪ್ರದೇಶಗಳು ಕರ್ನಾಟಕ, ತಮಿಳುನಾಡು, ಗೋವ, ಪುದುಚೇರಿ, ಲಕ್ಷದ್ವೀಪ. ಒಂಬತ್ತು ತಿಂಗಳು ತುಂಬಿದ ಶಿಶುವಿನಿಂದ ಹಿಡಿದು ಹದಿನೈದು ವರ್ಷ ತುಂಬದ ಬಾಲಕ ಬಾಲಕಿಯರವರೆಗೆ ಎಲ್ಲರಿಗೂ, ಹಿಂದೆ ದಡಾರದ ಚುಚ್ಚುಮದ್ದು ಆಗಿದ್ದರೂ ಸರಿಯೇ, ಇನ್ನೊಂದು ಸಲ ಕೊಡಬೇಕೆಂಬುದು ಯೋಜನೆ. ಕರ್ನಾಟಕವೊಂದರಲ್ಲಿಯೇ ಒಂದೂವರೆ ಕೋಟಿಗೆ ಕಡಮೆಯಿಲ್ಲದ ಮಕ್ಕಳು ಇದರ ವ್ಯಾಪ್ತಿಗೆ ಬಂದರು. ಕೆಲಸ ನಡೆಯಬೇಕಾಗಿದ್ದುದು ಬಹುಮಟ್ಟಿಗೆ ಶಾಲೆಗಳಲ್ಲಿ.

ಅಭಿಯಾನಕ್ಕಿಂತ ಮುಂದಾಗಿ ಸಂದೇಶಗಳು ಹೊರಟವು. ಈ ಲಸಿಕೆ ವಿದೇಶೀಯರ ಪಿತೂರಿಯೆಂದು ಒಂದು. ಇದರಿಂದ ಮಕ್ಕಳಿಗೆ ಮುಂದೆ ಸಂತಾನವಾಗದೆಂದು ಇನ್ನೊಂದು. ಎಲ್ಲಿಯೋ ಒಂದು ಮಗು ಚುಚ್ಚಿಸಿಕೊಂಡು ಸತ್ತಿತೆಂದು ಮತ್ತೊಂದು. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇವು ಕರ್ನಾಟಕ ತಮಿಳುನಾಡುಗಳೆರಡರಲ್ಲಿಯೂ ಹರಿದಾಡಿದುವು. ಕೆಲವು ತಂದೆತಾಯಿಗಳು ಆ ದಿನ ಮಕ್ಕಳನ್ನು ಶಾಲೆಗೇ ಕಳುಹಿಸಲಿಲ್ಲ. ಆರೋಗ್ಯ ಇಲಾಖೆಯವರೂ ಮಕ್ಕಳ ವೈದ್ಯರೂ ಸೂಜಿ ಹಿಡಿಯುವ ಕೆಲಸವನ್ನು ಬದಿಗಿಟ್ಟು ಸಮಾಧಾನ ಹೇಳುವ ಕೆಲಸಕ್ಕೆ ತೊಡಗಬೇಕಾಯಿತು. ಕಡೆಗೆ ಐದು ಪ್ರದೇಶಗಳಲ್ಲಿ ಒಟ್ಟು 3.3 ಕೋಟಿಗೂ ಮಿಕ್ಕಿ ಮಕ್ಕಳಿಗೆ ಲಸಿಕೆ ಸಂದಿತು. ಅಂದರೆ ವದಂತಿ ಗೆಲ್ಲಲಿಲ್ಲ. ಆದರೆ ಅದರ ಕೆಲಸವನ್ನು ಅಲ್ಪವೆಂದು ತಳ್ಳಿಹಾಕುವಂತಿಲ್ಲ. ಏಕೆಂಬುದಕ್ಕೆ ಕೊಂಚ ಗಣಿತ ಬೇಕು.

ದಡಾರವು ನಮಗೆ ತಿಳಿದ ಸೋಂಕುರೋಗಗಳಲ್ಲೆಲ್ಲ ಅತಿ ಬೇಗ ಹರಡುವ ಒಂದು ರೋಗ. ರೋಗಿಯು ಕೋಣೆಯಿಂದ ಹೊರಟುಹೋದ ಮೇಲೂ ಎರಡು ಗಂಟೆಯವರೆಗೆ ಅದರ ವೈರಸ್ಸು ಗಾಳಿಯಲ್ಲಿ ಇರಬಲ್ಲದು. ಯಾರಿಗೂ ರಕ್ಷಣೆಯಿಲ್ಲದ ಜನಸಮುದಾಯದಲ್ಲಿ ಒಬ್ಬ ರೋಗಿಯಿಂದ ಹನ್ನೆರಡರಿಂದ ಹದಿನೆಂಟು ಮಂದಿಗೆ ಅಂಟೀತೆಂದು ಲೆಕ್ಕ. ಹನ್ನೆರಡೆಂದೇ ಇಟ್ಟುಕೊಳ್ಳಿ. ಆ ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ರಕ್ಷಿತರಾಗಿದ್ದರೆ ರೋಗವು ಒಬ್ಬನಿಂದ ಒಬ್ಬನಿಗೆ ಮಾತ್ರ ದಾಟುತ್ತದೆ, ಬೆಳೆಯುವುದಿಲ್ಲ. ಹನ್ನೊಂದು ಭಾಗಿಸು ಹನ್ನೆರಡು ಎಂದರೆ ನೂರಕ್ಕೆ ಸುಮಾರು 92. ಹದಿನೆಂಟೆಂದು ಹಿಡಿದರೆ ಹದಿನೇಳು ಭಾಗಿಸು ಹದಿನೆಂಟು, ನೂರಕ್ಕೆ 94ಕ್ಕಿಂತ ಹೆಚ್ಚು. ಆದುದರಿಂದಲೇ ನೂರಕ್ಕೆ 95 ಮಂದಿಗೆ ರಕ್ಷಣೆಯಿರಬೇಕೆಂದು ಆರೋಗ್ಯಶಾಸ್ತ್ರಜ್ಞರು ಗುರಿಯಿಡುತ್ತಾರೆ. ಅರುವತ್ತು ಮಕ್ಕಳ ತರಗತಿಯಲ್ಲಿ ನೂರಕ್ಕೆ ಐದೆಂದರೆ ಮೂರು ಮಕ್ಕಳು. ನಾಲ್ಕನೆಯ ಮನೆಯವರು ಹಿಂಜರಿದರೆ ಗುರಿ ತಪ್ಪಿತು.

ಇಲ್ಲಿಯೇ ವದಂತಿಯ ಬಲವಿರುವುದು. ಚುನಾವಣೆಯಲ್ಲಿ ಗೆಲ್ಲಬೇಕಾದರೆ ಬಹುಮತ ಬೇಕು. ಲಸಿಕೆಯನ್ನು ಸೋಲಿಸಲು ಬಹುಮತ ಬೇಡ. ಹದಿನೈದಕ್ಕೆ ಒಂದು ಮನೆಯನ್ನು ಅಂಜಿಸಿದರೆ ಸಾಕು. ಹಾಗೆ ಅಂಜಿದ ಮನೆಗಳು ಊರೆಲ್ಲ ಚೆದುರಿರುವುದೂ ಇಲ್ಲ. ಒಂದೇ ಬೀದಿಯವು, ಒಂದೇ ಬಳಗದವು, ಒಂದೇ ಗುಂಪಿನಲ್ಲಿರುವವು. ರಾಜ್ಯದ ಸರಾಸರಿ 97 ಇದ್ದರೂ ಆ ಬೀದಿಯಲ್ಲಿ 70 ಇರಬಹುದು. ವೈರಸ್ಸು ಸರಾಸರಿಯನ್ನು ನೋಡಿ ನಡೆಯುವುದಿಲ್ಲ.

ಸಂತಾನವಾಗದೆಂಬ ವದಂತಿಯಲ್ಲಿ ಒಂದು ವಿಪರ್ಯಾಸವಿದೆ. ಮಕ್ಕಳಲ್ಲಿ ರುಬೆಲ್ಲಾ ಬಹಳ ಸೌಮ್ಯವಾದ ರೋಗ; ಎರಡು ಮೂರು ದಿನದ ಜ್ವರ, ಮೈಮೇಲೆ ತೆಳುವಾದ ಗಂಧೆ, ಅಷ್ಟೇ. ಆದರೆ ಬಸುರಿಗೆ ಮೊದಲ ತಿಂಗಳುಗಳಲ್ಲಿ ಅದು ತಗುಲಿದರೆ ಗರ್ಭಪಾತವಾಗಬಹುದು, ಅಥವಾ ಹುಟ್ಟುವ ಶಿಶುವಿಗೆ ಕಣ್ಣಿನ ಪೊರೆ, ಕಿವುಡು, ಹೃದಯದ ದೋಷ ಉಂಟಾಗಬಹುದು. ಬಾಲಕಿಯರಿಗೂ, ಅವರೊಡನೆ ಆಡುವ ಬಾಲಕರಿಗೂ ಲಸಿಕೆ ಕೊಡುವ ಮುಖ್ಯ ಉದ್ದೇಶವೇ ಮುಂದಿನ ಪೀಳಿಗೆಯ ರಕ್ಷಣೆ. ಸಂತಾನದ ಶತ್ರುವೆಂದು ವದಂತಿಯು ಯಾವುದನ್ನು ಬೆರಳಿಟ್ಟು ತೋರಿಸಿತೋ ಅದೇ ಸಂತಾನದ ಕಾವಲು.

ಮೊದಲಾದುದು, ಆಮೇಲಾದುದು

ಚುಚ್ಚಿಸಿಕೊಂಡ ಮಾರನೆಯ ದಿನ ಮಗುವಿಗೆ ಜ್ವರ ಬಂದಿತೆಂಬ ಸಂದೇಶ ಸುಳ್ಳೇ ಆಗಿರಬೇಕೆಂದಿಲ್ಲ. ಲಸಿಕೆಯಿಂದ ಕೆಲವರಿಗೆ ಸಣ್ಣ ಜ್ವರ ಬರುವುದುಂಟು. ಅದು ವೈದ್ಯರೇ ಮೊದಲು ಹೇಳುವ ಮಾತು. ಅದನ್ನು ಬಿಟ್ಟು ಲೆಕ್ಕಹಾಕೋಣ. ಲಸಿಕೆಯೇ ಇಲ್ಲದಿದ್ದರೂ ಪ್ರತಿಯೊಂದು ಮಗುವಿಗೂ ವರ್ಷಕ್ಕೆ ಒಮ್ಮೆಯಾದರೂ ಜ್ವರ ಬರುತ್ತದೆಂದು ಭಾವಿಸಿ. ತಂದೆತಾಯಿಗಳು ಇದು ಬಹಳ ಕಡಮೆಯ ಅಂದಾಜೆಂದು ನಕ್ಕಾರು. ಒಂದೂವರೆ ಕೋಟಿ ಮಕ್ಕಳನ್ನು 365ರಿಂದ ಭಾಗಿಸಿದರೆ ಸುಮಾರು 41,000. ಎಂದರೆ ಸೂಜಿಯ ಬದಲು ಒಂದು ತುಂಡು ಬೆಲ್ಲವನ್ನು ಕೊಟ್ಟಿದ್ದರೂ, ಕೊಟ್ಟ ಮಾರನೆಯ ದಿನ ನಲವತ್ತೊಂದು ಸಾವಿರ ಮಕ್ಕಳಿಗೆ ಜ್ವರ ಬಂದೇ ಬರುತ್ತಿತ್ತು. ಅವರಲ್ಲಿ ಸಾವಿರಕ್ಕೆ ಒಬ್ಬರ ತಂದೆ ಭಾವಚಿತ್ರ ತೆಗೆದು ಕಳುಹಿಸಿದರೂ ರಾಜ್ಯದಲ್ಲಿ ನಲವತ್ತೊಂದು ‘ಪ್ರತ್ಯಕ್ಷ ಸಾಕ್ಷಿ’ಗಳು ಹುಟ್ಟಿದಂತಾಯಿತು. ಚಿತ್ರ ನಿಜ, ಮಗು ನಿಜ, ಜ್ವರವೂ ನಿಜ. ಇವನ್ನು ಕಟ್ಟುವ ‘ಆದ್ದರಿಂದ’ ಎಂಬ ಒಂದು ಪದ ಮಾತ್ರ ಸುಳ್ಳು.

ಹಾಗಾದರೆ ನಿಜವಾದ ದುಷ್ಪರಿಣಾಮವನ್ನು ಕಂಡುಹಿಡಿಯುವುದು ಹೇಗೆ? ಹೋಲಿಕೆಯಿಂದ. ಲಸಿಕೆ ಪಡೆದ ದೊಡ್ಡ ಗುಂಪೊಂದನ್ನೂ, ಪಡೆಯದ, ಮಿಕ್ಕೆಲ್ಲ ವಿಷಯಗಳಲ್ಲಿ ಅದಕ್ಕೆ ಸಮಾನವಾದ ಮತ್ತೊಂದು ಗುಂಪನ್ನೂ ಎದುರುಬದುರಾಗಿ ಇಟ್ಟು ಎಣಿಸಬೇಕು. ಲಸಿಕೆಯಿಂದ ಬುದ್ಧಿಬೆಳವಣಿಗೆ ಕೆಡುತ್ತದೆಂಬ, ಇಂದಿಗೂ ತಿರುಗುತ್ತಿರುವ ಮಾತಿನ ಮೂಲವು 1998ರಲ್ಲಿ ಇಂಗ್ಲೆಂಡಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಒಂದು ಲೇಖನ. ಅದರಲ್ಲಿದ್ದುದು ಹನ್ನೆರಡು ಮಕ್ಕಳ ವೃತ್ತಾಂತ, ಹೋಲಿಕೆಯ ಗುಂಪೇ ಇರಲಿಲ್ಲ. ಆಮೇಲೆ ಲಕ್ಷಗಟ್ಟಲೆ ಮಕ್ಕಳನ್ನು ಹೋಲಿಸಿ ನೋಡಿದಾಗ ಅಂಥ ಸಂಬಂಧವೇನೂ ಕಾಣಲಿಲ್ಲ. ಪತ್ರಿಕೆಯು 2010ರಲ್ಲಿ ಆ ಲೇಖನವನ್ನು ಹಿಂತೆಗೆದುಕೊಂಡಿತು. ಬರೆದ ಆಂಡ್ರೂ ವೇಕ್‌ಫೀಲ್ಡ್ ಎಂಬ ವೈದ್ಯನ ಹೆಸರನ್ನು ಅದೇ ವರ್ಷ ವೈದ್ಯರ ಪಟ್ಟಿಯಿಂದ ತೆಗೆದುಹಾಕಿದರು. ಹಿಂತೆಗೆದ ಸುದ್ದಿ ಗರುಡಾಚಾರ್‌ಪಾಳ್ಯದ ದೂರವಾಣಿಗಳಿಗೆ ಇನ್ನೂ ತಲುಪಿದಂತಿಲ್ಲ.

ಅಂಜಿಕೆ ಮೊದಲೋ, ಸುದ್ದಿ ಮೊದಲೋ

ಸುಳ್ಳು ಸುದ್ದಿ ಜನರನ್ನು ಅಂಜಿಸುತ್ತದೆಂದು ನಾವೆಲ್ಲ ಹೇಳುತ್ತೇವೆ. ಮನಶ್ಶಾಸ್ತ್ರಜ್ಞರಲ್ಲಿ ಕೆಲವರು ಈ ಮಾತನ್ನು ತಿರುಗಿಸಿ ನೋಡಿದ್ದಾರೆ, ಅದೂ ನಮ್ಮ ದೇಶದ ಸಾಮಗ್ರಿಯಿಂದಲೇ. 1934ರ ಜನವರಿ 15ರಂದು ಬಿಹಾರದಲ್ಲಿ ಭಾರಿ ಭೂಕಂಪವಾಯಿತು. ಪಾಟ್ನಾದ ಜಮುನಾ ಪ್ರಸಾದ್ ಎಂಬ ವಿದ್ವಾಂಸರು ಆಗ ಹಬ್ಬಿದ ವದಂತಿಗಳನ್ನು ಸಂಗ್ರಹಿಸಿ 1935ರಲ್ಲಿ ಪ್ರಕಟಿಸಿದರು. ನೆಲ ನಡುಗಿದುದು ಅನುಭವಕ್ಕೆ ಬಂದಿದ್ದರೂ ಮನೆಗಳು ಬೀಳದ, ಪ್ರಾಣಹಾನಿಯಾಗದ ಊರುಗಳಲ್ಲಿ, ಇನ್ನೂ ಘೋರವಾದ ಉತ್ಪಾತ ಬರಲಿದೆಯೆಂಬ ಸುದ್ದಿಗಳು ಹೇರಳವಾಗಿದ್ದುವು. ಅದಕ್ಕೆ ಪ್ರತಿಯಾಗಿ, ಡಾರ್ಜಿಲಿಂಗ್‌ನಲ್ಲಿ ಗುಡ್ಡ ಕುಸಿದು ನಿಜವಾದ ಹಾನಿಯಾದಾಗ ದುರ್ಗಾನಂದ ಸಿನ್ಹಾ ಅವರು ವಿಚಾರಿಸಿದರೆ, ಅಂಥ ಭಯಂಕರ ಭವಿಷ್ಯವಾಣಿಗಳು ಕಂಡುಬರಲಿಲ್ಲ. ಅಮೆರಿಕದ ಲಿಯೊನ್ ಫೆಸ್ಟಿಂಗರ್ ಎಂಬ ಮನಶ್ಶಾಸ್ತ್ರಜ್ಞನು ಈ ಎರಡನ್ನೂ ಪಕ್ಕಪಕ್ಕದಲ್ಲಿರಿಸಿ ಯೋಚಿಸಿದನು. ಹಾನಿಯನ್ನು ಕಣ್ಣಾರೆ ಕಂಡವನ ಅಂಜಿಕೆಗೆ ಕಾರಣ ಎದುರಿಗೇ ಇದೆ. ಕೇವಲ ನಡುಕವನ್ನು ಅನುಭವಿಸಿದವನ ಅಂಜಿಕೆಗೆ ಕಾರಣವಿಲ್ಲ. ಆದುದರಿಂದ ಅವನ ಮನಸ್ಸು ಕಾರಣವನ್ನು ಹುಡುಕುತ್ತದೆ, ವದಂತಿಯು ಅದನ್ನು ಒದಗಿಸುತ್ತದೆ. 1957ರಲ್ಲಿ ಅವನು ಪ್ರಕಟಿಸಿದ ಪ್ರಸಿದ್ಧ ಸಿದ್ಧಾಂತಕ್ಕೆ ಈ ಭಾರತೀಯ ಭೂಕಂಪದ ವದಂತಿಗಳೂ ಒಂದು ಬೀಜ.

ಇದನ್ನು 2017ಕ್ಕೆ ಅನ್ವಯಿಸಿ ನೋಡಿ. ಆರೋಗ್ಯವಾಗಿ ಆಡುತ್ತಿರುವ ಮಗುವನ್ನು ಹಿಡಿದು ಸೂಜಿ ಚುಚ್ಚುವುದೆಂದರೆ ಯಾವ ತಾಯಿಗೂ ಒಳಗೊಂದು ಅಳುಕು ಸಹಜ. ಹಿಂದೆ ಕೊಟ್ಟಾಗಿದೆ, ಈಗ ಮತ್ತೆ ಏಕೆ ಎಂಬ ಸಂಶಯ ಬೇರೆ. ದಡಾರದಿಂದ ಮಗು ಸತ್ತುದನ್ನು ಅವಳ ಅಜ್ಜಿ ಕಂಡಿದ್ದಾಳು, ಅವಳು ಕಂಡಿಲ್ಲ. ಲಸಿಕೆಯು ಹಿಂದೆ ಗೆದ್ದುದೇ ಇಂದು ಅದಕ್ಕೆ ಮುಳುವಾಗಿದೆ. ಹೀಗೆ ಕಾರಣವಿಲ್ಲದೆ ಅಳುಕುತ್ತಿರುವಾಗ ಕಾರಣವನ್ನು ಹೊತ್ತ ಸಂದೇಶವೊಂದು ಬರುತ್ತದೆ. ಅವಳು ನಂಬುವುದು ದಡ್ಡತನದಿಂದಲ್ಲ; ಅದು ಅವಳ ಅಳುಕಿಗೆ ಗೌರವ ಕೊಟ್ಟಿತು, ಆರೋಗ್ಯ ಇಲಾಖೆಯ ಭಿತ್ತಿಪತ್ರ ಕೊಡಲಿಲ್ಲ. ಅಂಥವಳನ್ನು ಅಜ್ಞಾನಿಯೆಂದು ಜರೆದರೆ ಅವಳು ಇನ್ನಷ್ಟು ಬಿಗಿಯಾಗಿ ಅದನ್ನೇ ಹಿಡಿಯುತ್ತಾಳೆಂಬುದು ನನ್ನ ಅಭಿಪ್ರಾಯ. ನಮ್ಮ ವಿದ್ಯಾವಂತರಲ್ಲಿ ಅನೇಕರಿಗೆ ಜರೆಯುವುದೇ ವಿಜ್ಞಾನಪ್ರಚಾರವೆಂಬ ಭ್ರಮೆಯುಂಟು.

ಇದರ ಮೇಲೆ ಪುನರುಕ್ತಿಯ ಪ್ರಭಾವ. ಒಂದು ಹೇಳಿಕೆಯನ್ನು ಎರಡು ಮೂರು ಸಲ ಕೇಳಿದರೆ, ಅದು ನಿಜವಾಗಿರಲಿ ಸುಳ್ಳಾಗಿರಲಿ, ನಿಜವೆಂದು ತೋರುವ ಪ್ರವೃತ್ತಿ ಹೆಚ್ಚುತ್ತದೆಂದು 1977ರಲ್ಲಿ ಅಮೆರಿಕದ ಮೂವರು ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಮೇಲೆ ಪ್ರಯೋಗಮಾಡಿ ತೋರಿಸಿದರು. ಮೂರು ಗುಂಪುಗಳಿಂದ ಒಂದೇ ಸಂದೇಶ ಬಂದಾಗ ‘ಎಲ್ಲರೂ ಹೇಳುತ್ತಿದ್ದಾರೆ’ ಎನ್ನುತ್ತೇವೆ. ಮೂರೂ ಒಂದೇ ಊಟೆಯ ನೀರೆಂಬುದು ಹೊಳೆಯುವುದಿಲ್ಲ.

ಸಂದೇಶದ ಸಾಂಕ್ರಾಮಿಕ

ರೋಗಕ್ಕೆ ಹಾಕಿದ ಲೆಕ್ಕವನ್ನೇ ಸಂದೇಶಕ್ಕೂ ಹಾಕಬಹುದು. ಒಬ್ಬನು ಇಪ್ಪತ್ತು ಮಂದಿಗೆ ಕಳುಹಿಸುತ್ತಾನೆ, ಅವರಲ್ಲಿ ಹತ್ತಕ್ಕೆ ಒಬ್ಬನು ಮುಂದಕ್ಕೆ ಸಾಗಿಸುತ್ತಾನೆ ಎಂದುಕೊಳ್ಳಿ. ಒಬ್ಬನಿಂದ ಇಬ್ಬರು, ಇಬ್ಬರಿಂದ ನಾಲ್ವರು. ಇಪ್ಪತ್ತನೆಯ ಹಂತಕ್ಕೆ ಹತ್ತು ಲಕ್ಷ ದಾಟುತ್ತದೆ. ಐದೇ ಮಂದಿಗೆ ಕಳುಹಿಸಬಹುದೆಂದು ಕಟ್ಟುಮಾಡಿದರೆ ಒಬ್ಬನಿಂದ ಸಾಗಿಸುವವರು ಅರ್ಧ. ಸಂದೇಶವು ತಾನಾಗಿಯೇ ನಶಿಸುತ್ತದೆ. ವಾಟ್ಸ್‌ಆ್ಯಪ್ ಸಂಸ್ಥೆಯು 2018ರ ಜುಲೈ ತಿಂಗಳಲ್ಲಿ ಭಾರತಕ್ಕೆ ಇಂಥದೇ ಕಟ್ಟನ್ನು ವಿಧಿಸಿತು: ಒಂದು ಸಲಕ್ಕೆ ಐದು ಕಡೆಗೆ ಮಾತ್ರ. ಮಕ್ಕಳ ಕಳ್ಳರೆಂಬ ವದಂತಿಯಿಂದ ದೇಶದ ನಾನಾ ಕಡೆ ನಿರಪರಾಧಿಗಳನ್ನು ಜನ ಹೊಡೆದು ಕೊಂದ ವರ್ಷ ಅದು; ನಮ್ಮ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿಯೂ ಅದೇ ಜುಲೈಯಲ್ಲಿ ಒಂದು ಪ್ರಾಣ ಹೋಯಿತು. ಆದರೆ ‘ಒಂದು ಕಡೆ’ ಎಂದರೆ ಒಬ್ಬ ಮನುಷ್ಯನೇ ಆಗಬೇಕಾಗಿಲ್ಲ, 256 ಮಂದಿಯ ಗುಂಪೂ ಆಗಬಹುದಾಗಿತ್ತು. ಐದು ಗುಂಪಿಗೆ 1,280 ಮಂದಿ. 2020ರ ಏಪ್ರಿಲ್ ತಿಂಗಳಲ್ಲಿ, ಹಲವು ಕೈ ದಾಟಿ ಬಂದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳುಹಿಸಬಹುದೆಂದು ಇನ್ನೂ ಬಿಗಿಮಾಡಿದರು. ಅಂಥ ಸಂದೇಶಗಳ ಓಡಾಟ ನೂರಕ್ಕೆ 70ರಷ್ಟು ತಗ್ಗಿತೆಂದು ಸಂಸ್ಥೆಯೇ ಹೇಳಿಕೊಂಡಿತು. ಹೊರಗಿನವರು ಎಣಿಸಿ ನೋಡುವಂತಿಲ್ಲ. ಸಂದೇಶಗಳೆಲ್ಲ ಗೂಢಲಿಪಿಯಲ್ಲಿ ಸಾಗುತ್ತವೆ. ಹಿಂದೆ ಪತ್ರಿಕೆಯಲ್ಲಿ ತಪ್ಪು ಬಂದರೆ ಆರೋಗ್ಯಾಧಿಕಾರಿ ಓದಿ ಮಾರನೆಯ ದಿನ ಉತ್ತರ ಕೊಡುತ್ತಿದ್ದನು. ಈಗ ತಪ್ಪು ಯಾವ ಬೀದಿಯಲ್ಲಿದೆಯೆಂದು ಅವನಿಗೆ ಗೊತ್ತಾಗುವುದು ಲಸಿಕೆಯ ಶಿಬಿರ ಖಾಲಿಯಾಗಿರುವುದನ್ನು ಕಂಡಾಗ.

ಬಹಿರಂಗವಾಗಿ ಎಣಿಸಬಹುದಾದ ಟ್ವಿಟರ್ ಜಾಲದ ಮೇಲೆ ಅಮೆರಿಕದ ಸಂಶೋಧಕರು ಮಾಡಿದ ಒಂದು ದೊಡ್ಡ ಅಧ್ಯಯನ 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 2006ರಿಂದ 2017ರವರೆಗಿನ ಸುಮಾರು 1,26,000 ಸುದ್ದಿಗಳನ್ನು ಅವರು ಹಿಂಬಾಲಿಸಿದರು. ನಿಜವಾದ ಸುದ್ದಿಗಿಂತ ಸುಳ್ಳನ್ನು ಜನ ಮುಂದಕ್ಕೆ ಕಳುಹಿಸುವ ಸಂಭವ ನೂರಕ್ಕೆ 70ರಷ್ಟು ಹೆಚ್ಚು. 1,500 ಮಂದಿಯನ್ನು ತಲುಪಲು ನಿಜಕ್ಕೆ ಸುಳ್ಳಿಗಿಂತ ಆರುಪಟ್ಟು ಕಾಲ ಹಿಡಿಯಿತು. ಯಂತ್ರಗಳೇ ಇದಕ್ಕೆ ಕಾರಣವಿರಬಹುದೆಂದು ಅವನ್ನು ಬೇರ್ಪಡಿಸಿ ನೋಡಿದರೂ ಫಲಿತಾಂಶ ಬದಲಾಗಲಿಲ್ಲ. ಸುಳ್ಳಿಗೆ ಹೊಸತನವಿದೆ, ನಿಜವು ಸಾಮಾನ್ಯವಾಗಿ ನಿನ್ನೆ ಹೇಳಿದುದನ್ನೇ ಇಂದೂ ಹೇಳುತ್ತದೆ. ಇನ್ನು ನಂಬಿಕೆಯಿಂದ ನಿರ್ಧಾರದವರೆಗಿನ ಹೆಜ್ಜೆ. ಕೋವಿಡ್ ಲಸಿಕೆ ಬರುವ ಮುನ್ನ, 2020ರ ಸೆಪ್ಟೆಂಬರಿನಲ್ಲಿ ಬ್ರಿಟನ್, ಅಮೆರಿಕಗಳಲ್ಲಿ ಒಂದು ಪ್ರಯೋಗ ನಡೆಯಿತು. ಒಂದು ಗುಂಪಿನವರಿಗೆ ಜಾಲತಾಣಗಳಲ್ಲಿ ತಿರುಗುತ್ತಿದ್ದ ಸುಳ್ಳು ಹೇಳಿಕೆಗಳನ್ನೂ, ಇನ್ನೊಂದು ಗುಂಪಿಗೆ ಸರಿಯಾದ ಹೇಳಿಕೆಗಳನ್ನೂ ತೋರಿಸಿದರು. ‘ಖಂಡಿತವಾಗಿ ಹಾಕಿಸಿಕೊಳ್ಳುತ್ತೇನೆ’ ಎನ್ನುತ್ತಿದ್ದವರ ಪ್ರಮಾಣ ಸುಳ್ಳನ್ನು ಕಂಡ ಗುಂಪಿನಲ್ಲಿ ಎರಡೂ ದೇಶಗಳಲ್ಲಿ ನೂರಕ್ಕೆ ಆರರಷ್ಟು ಕೆಳಗಿಳಿಯಿತು. ಆರು ಸಣ್ಣ ಸಂಖ್ಯೆಯೆನ್ನುವವರು ಮೇಲೆ ಹೇಳಿದ ಅರುವತ್ತು ಮಕ್ಕಳ ತರಗತಿಯನ್ನು ನೆನೆಯಬೇಕು.

ನಿಂಬೆಯ ರಸ

2021ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ಆಸ್ಪತ್ರೆಗಳಲ್ಲಿ ಹಾಸಿಗೆಗೂ ಆಮ್ಲಜನಕಕ್ಕೂ ಜನ ಪರದಾಡುತ್ತಿದ್ದಾಗ, ಮೂಗಿಗೆ ಕೆಲವು ಹನಿ ನಿಂಬೆರಸ ಬಿಟ್ಟುಕೊಂಡರೆ ರಕ್ತದ ಆಮ್ಲಜನಕ ಏರುತ್ತದೆಂಬ ಸಲಹೆ ಕರ್ನಾಟಕದಲ್ಲೆಲ್ಲ ಹಬ್ಬಿತು. ಹೇಳಿದವರು ಸಾರ್ವಜನಿಕ ಜೀವನದಲ್ಲಿ ಹೆಸರಾದ ಮಾಜಿ ಸಂಸದರೊಬ್ಬರು. ಅವರ ಮಾತಿನ ದೃಶ್ಯವೇ ಕೈಯಿಂದ ಕೈಗೆ ಸಾಗಿತು. ಕೇಂದ್ರ ಸರ್ಕಾರದ ವಾರ್ತಾ ಶಾಖೆ ಇದು ಸುಳ್ಳೆಂದು ಪ್ರಕಟಿಸಿತು. ರಾಯಚೂರು ಜಿಲ್ಲೆಯಲ್ಲಿ ಒಬ್ಬರು ಹಾಗೆ ಮಾಡಿಕೊಂಡು ತೀರಿಕೊಂಡರೆಂದು ಪತ್ರಿಕೆಗಳಲ್ಲಿ ವರದಿ ಬಂದಿತು.

ಆಮ್ಲಜನಕ ರಕ್ತಕ್ಕೆ ಸೇರುವುದು ಮೂಗಿನಲ್ಲಲ್ಲ. ಶ್ವಾಸಕೋಶದ ತುದಿಯಲ್ಲಿರುವ, 30ರಿಂದ 50 ಕೋಟಿಯವರೆಗೆ ಎಣಿಕೆಗೆ ಬರುವ ಅತಿ ಸಣ್ಣ ಗಾಳಿಗೂಡುಗಳಲ್ಲಿ, ಕೂದಲಿಗಿಂತ ಎಷ್ಟೋ ತೆಳುವಾದ ಪೊರೆಯ ಮೂಲಕ ಅದು ರಕ್ತಕ್ಕೆ ದಾಟುತ್ತದೆ. ರೋಗದಿಂದ ಆ ಗೂಡುಗಳಲ್ಲಿ ದ್ರವ ತುಂಬಿ ಪೊರೆ ಊದಿದಾಗ ದಾಟುವಿಕೆ ಕುಂಠಿತವಾಗುತ್ತದೆ. ನಿಂಬೆಯ ಹನಿ ಆ ದ್ರವವನ್ನು ತೆಗೆಯಲಾರದು. ಅದು ತೀಕ್ಷ್ಣವಾದ ಆಮ್ಲ. ಶ್ವಾಸನಾಳಕ್ಕೆ ಜಾರಿದರೆ ಉರಿಯೂತವನ್ನು ಹೆಚ್ಚಿಸೀತು. ಹನಿ ಬಿಟ್ಟೊಡನೆ ಉರಿಯಿಂದ ಕೆಮ್ಮಿ ದೀರ್ಘವಾಗಿ ಉಸಿರೆಳೆದಾಗ ಬೆರಳಿನ ಮಾಪಕದ ಅಂಕಿ ಕ್ಷಣಕಾಲ ಒಂದೆರಡು ಏರಬಹುದು. ಅದನ್ನು ಕಂಡು ‘ನನಗೆ ಗುಣವಾಯಿತು’ ಎಂದವರು ಸುಳ್ಳು ಹೇಳಿದರೆನ್ನಲಾಗದು. ಆದರೆ ಆ ಒಂದು ಗಂಟೆ ಆಸ್ಪತ್ರೆಗೆ ಹೊರಡಬೇಕಾಗಿದ್ದ ಗಂಟೆ.

ಇಲ್ಲಿ ನಾವು ನ್ಯಾಯವಾಗಿ ನಡೆಯಬೇಕು. ರಾಯಚೂರಿನ ಸಾವಿಗೆ ನಿಂಬೆಯೇ ಕಾರಣವೆಂದು ಆ ಒಂದು ವರದಿಯಿಂದ ಸಾಧಿಸಲಾಗದು. ‘ಆಮೇಲಾದುದರಿಂದ ಅದರಿಂದಲೇ ಆದುದು’ ಎಂಬ ತರ್ಕವನ್ನು ಲಸಿಕೆಯ ವಿಷಯದಲ್ಲಿ ಒಪ್ಪದವರು ನಿಂಬೆಯ ವಿಷಯದಲ್ಲಿ ಒಪ್ಪುವಂತಿಲ್ಲ. ನಿಂಬೆಯನ್ನು ತಿರಸ್ಕರಿಸಲು ಅದರ ಪರವಾಗಿ ಹೋಲಿಕೆಯ ಪ್ರಯೋಗವೊಂದೂ ಇಲ್ಲವೆಂಬುದೂ ಶರೀರಶಾಸ್ತ್ರಕ್ಕೆ ಅದು ವಿರುದ್ಧವೆಂಬುದೂ ಸಾಕು.

ಇಂಥ ಔಷಧಗಳ ಜಾಹೀರಾತನ್ನು ತಡೆಯಲು 1954ರಷ್ಟು ಹಿಂದೆಯೇ ನಮ್ಮಲ್ಲಿ ಕೇಂದ್ರ ಶಾಸನವಾಗಿದೆ. ಮಧುಮೇಹ, ಅರ್ಬುದ ಮೊದಲಾದ ಹಲವು ರೋಗಗಳನ್ನು ಗುಣಪಡಿಸುವುದಾಗಿ ಪ್ರಚಾರ ಮಾಡುವುದು ಅದರಂತೆ ಅಪರಾಧ. ಜಾಲತಾಣಗಳಲ್ಲಿ ಆರೋಗ್ಯದ ಉಪದೇಶ ಮಾಡುವವರು ತಮ್ಮ ಅರ್ಹತೆಯನ್ನು ಹೇಳಬೇಕು, ವೈದ್ಯರಲ್ಲದವರು ಅದನ್ನು ಸ್ಪಷ್ಟಪಡಿಸಬೇಕು ಎಂದು 2023ರ ಆಗಸ್ಟ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಸೂಚನೆಯನ್ನೂ ಹೊರಡಿಸಿತು. ಆದರೆ ಸೋದರತ್ತೆ ಕಳುಹಿಸಿದ ಸಂದೇಶ ಜಾಹೀರಾತಲ್ಲ. ಅದಕ್ಕೆ ಶಾಸನವಿಲ್ಲ, ಇರಲೂ ಬಾರದು.

ಮಾತನ್ನು ಹಬ್ಬಿಸುವವರು

ವಿಷವನ್ನು ಸಾಗಿಸುವ ಕಾಲುವೆಯೇ ನೀರನ್ನೂ ಸಾಗಿಸುತ್ತದೆ. ಲಸಿಕೆಯ ಚರಿತ್ರೆಯಲ್ಲಿ ಇದಕ್ಕೆ ಮೈಸೂರಿನದೇ ಒಂದು ಹಳೆಯ ಉದಾಹರಣೆಯಿದೆ. ಸಿಡುಬಿಗೆ ಮೈಲಿ ಹಾಕುವ ಜೆನ್ನರನ ಪದ್ಧತಿ 1802ರಲ್ಲಿ ಮುಂಬಯಿಗೆ ಬಂದಿತು. ದನದ ರೋಗವನ್ನು ಮನುಷ್ಯನ ಮೈಗೆ ಸೇರಿಸುವುದೆಂದರೆ ಜನರ ಜಿಗುಪ್ಸೆ ಎಷ್ಟಿದ್ದೀತೆಂದು ಊಹಿಸಬಹುದು. 1805ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರನು ಮೈಸೂರಿನ ಮೂವರು ಸ್ತ್ರೀಯರ ತೈಲಚಿತ್ರವೊಂದನ್ನು ಬರೆದನು. ಬಹುಕಾಲ ಅವರನ್ನು ನರ್ತಕಿಯರೆಂದು ತಿಳಿದಿದ್ದರು. ಅವರು ರಾಜಮನೆತನದ ಸ್ತ್ರೀಯರೆಂದೂ, ಬಲಬದಿಯವಳು ಮುಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ ದೇವಾಜಮ್ಮಣ್ಣಿಯೆಂದೂ, ಸೆರಗನ್ನು ಸರಿಸಿ ಅವಳು ಬೆರಳಿಟ್ಟು ತೋರಿಸುತ್ತಿರುವುದು ಎಡತೋಳಿನಲ್ಲಿ ಮೈಲಿ ಹಾಕಿಸಿಕೊಂಡ ಜಾಗವನ್ನೆಂದೂ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಿವರಿಸಿದ್ದಾರೆ. ಈ ವಿವರಣೆ ಸರಿಯಾಗಿದ್ದರೆ ಇದು ಲಸಿಕೆಯ ಪರವಾಗಿ ನಮ್ಮ ನಾಡಿನಲ್ಲಿ ಹೊರಟ ಮೊದಲ ಚಿತ್ರಸಂದೇಶ. ಪ್ರಮಾಣಗಳಿಂದಲ್ಲ, ‘ಅರಮನೆಯವರೇ ಹಾಕಿಸಿಕೊಂಡರು’ ಎಂಬುದರಿಂದ ಅದು ಒಪ್ಪಿಸಲು ಯತ್ನಿಸಿತು. 1980ರಲ್ಲಿ ಸಿಡುಬು ಭೂಮಿಯಿಂದಲೇ ಅಳಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ಅರಮನೆಯವರೇ ಬೇಕೆಂದಿಲ್ಲ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಸಹೋದ್ಯೋಗಿಗಳು ಕರ್ನಾಟಕದ 213 ಹಳ್ಳಿಗಳಲ್ಲಿ ಒಂದು ಸ್ವಾರಸ್ಯವಾದ ಪ್ರಯೋಗ ಮಾಡಿ 2019ರಲ್ಲಿ ಪ್ರಕಟಿಸಿದರು. ಉಚಿತ ದೂರವಾಣಿಯೂ ಹಣವೂ ಸಿಗುವ ಅವಕಾಶವೊಂದರ ಸುದ್ದಿಯನ್ನು ಕೆಲವು ಹಳ್ಳಿಗಳಲ್ಲಿ ಕಂಡಕಂಡವರಿಗೆ, ಕೆಲವೆಡೆ ಊರ ಹಿರಿಯರಿಗೆ, ಮತ್ತೆ ಕೆಲವೆಡೆ ‘ಮಾತು ಹಬ್ಬಿಸಬೇಕಾದರೆ ಯಾರಿಗೆ ಹೇಳಬೇಕು?’ ಎಂದು ಊರವರನ್ನೇ ಕೇಳಿ, ಅವರು ಹೆಸರಿಸಿದವರಿಗೆ ಹೇಳಿದರು. ಮೂರನೆಯ ಬಗೆಯ ಹಳ್ಳಿಗಳಲ್ಲಿ ಸುದ್ದಿ ಎಲ್ಲಕ್ಕಿಂತ ಹೆಚ್ಚು ಹಬ್ಬಿತು. ಹಿರಿಯರಿಂದ ಹಬ್ಬಿದುದು ಅಷ್ಟಕ್ಕಷ್ಟೆ. ಹರಿಯಾಣದಲ್ಲಿ ಇದೇ ಉಪಾಯದಿಂದ ಹೀಗೆ ಹೆಸರಿಸಲ್ಪಟ್ಟವರಿಗೆ ಮಕ್ಕಳ ಲಸಿಕೆಯ ವಿಷಯ ತಿಳಿಸುತ್ತ ಬಂದಾಗ, ಕಂಡಕಂಡವರಿಗೆ ತಿಳಿಸಿದ ಹಳ್ಳಿಗಳಿಗಿಂತ ನೂರಕ್ಕೆ 22ರಷ್ಟು ಹೆಚ್ಚು ಮಕ್ಕಳು ಲಸಿಕೆಗೆ ಬಂದರು. ಪ್ರತಿಯೊಂದು ಓಣಿಯಲ್ಲಿಯೂ ಅಂಥವರೊಬ್ಬರು ಇದ್ದೇ ಇರುತ್ತಾರೆ. ನಾವು ಅವರನ್ನು ಹರಟೆಮಲ್ಲರೆಂದು ಹಾಸ್ಯಮಾಡುತ್ತೇವೆ. ಆರೋಗ್ಯ ಇಲಾಖೆಗೆ ಅವರು ಅಮೂಲ್ಯರು.

ವೈದ್ಯರ ಕೈಯಲ್ಲಿ ಇದೇ ಸಾಧನ ಏನಾಗಬಲ್ಲದೆಂಬುದಕ್ಕೆ ಕರಾವಳಿಯ ಕಡೆ ನೋಡಬೇಕು. ಹೃದಯದ ರಕ್ತನಾಳವೊಂದು ಕಟ್ಟಿಕೊಂಡಾಗ ಅದರ ಸ್ನಾಯು ನಿಮಿಷನಿಮಿಷಕ್ಕೂ ಸಾಯುತ್ತದೆ. ಎದೆನೋವು ‘ಗ್ಯಾಸ್’ ಎಂದು ಸೋಡಾ ಕುಡಿದು ಮಲಗಿದವನು ಏಳದೆಹೋದ ಕಥೆ ಯಾವ ಊರಿಗೂ ಹೊಸದಲ್ಲ. ಕಟ್ಟಿದೆಯೇ ಎಂದು ತಿಳಿಯಲು ಇ.ಸಿ.ಜಿ. ಬೇಕು, ಅದನ್ನು ಓದಬಲ್ಲವರು ಬೇಕು. ಮಂಗಳೂರಿನ ಕೆ.ಎಂ.ಸಿ. ಆಸ್ಪತ್ರೆಯ ಹೃದ್ರೋಗತಜ್ಞ ಡಾ॥ ಪದ್ಮನಾಭ ಕಾಮತರು 2018ರಲ್ಲಿ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಎಂಬ ವ್ಯವಸ್ಥೆಯನ್ನು ಆರಂಭಿಸಿ, ಕರಾವಳಿ ಮಲೆನಾಡುಗಳ ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರಗಳನ್ನು ಒದಗಿಸುತ್ತ ಬಂದರು. ಹಳ್ಳಿಯ ವೈದ್ಯನು ರೋಗಿಯ ಇ.ಸಿ.ಜಿ. ತೆಗೆದು ಅದರ ಚಿತ್ರವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾನೆ. ಗುಂಪಿನಲ್ಲಿರುವ ತಜ್ಞರು ನೋಡಿ, ಮುಂದೇನು ಮಾಡಬೇಕೆಂದು ಬರೆಯುತ್ತಾರೆ. ಸಂದೇಶ ಬರೆದವನ ಹೆಸರು ಗೊತ್ತು, ವಿದ್ಯೆ ಗೊತ್ತು, ತಪ್ಪಿದರೆ ಕೇಳಬಹುದು. ನಿಂಬೆಯ ಸಂದೇಶಕ್ಕೂ ಇದಕ್ಕೂ ಇರುವ ವ್ಯತ್ಯಾಸವೆಲ್ಲ ಇದರಲ್ಲಿದೆ. ತಂತ್ರ ಎರಡಕ್ಕೂ ಒಂದೇ.

ಈ ಪಾಠವನ್ನು ಓದುವ ವಿದ್ಯಾರ್ಥಿಗಳು ಮನೆಯಲ್ಲಿಯೇ ಒಂದು ಸಣ್ಣ ಸಮೀಕ್ಷೆ ಮಾಡಬಹುದು. ಒಂದು ತಿಂಗಳ ಕಾಲ ಮನೆಯವರ ದೂರವಾಣಿಗಳಿಗೆ ಬಂದ ಆರೋಗ್ಯದ ಸಂದೇಶಗಳನ್ನು, ಕಳುಹಿಸಿದವರ ಹೆಸರನ್ನು ಬಿಟ್ಟು, ಒಂದು ಪುಸ್ತಕದಲ್ಲಿ ಬರೆದಿಡಿ. ಹೇಳಿದವರು ಯಾರೆಂದು ಅದರಲ್ಲಿಯೇ ಇದೆಯೇ? ತಾರೀಖಿದೆಯೇ? ಗುಣವಾದವರನ್ನು ಹೇಳಿದಂತೆ ಗುಣವಾಗದವರನ್ನೂ ಹೇಳಿದೆಯೇ? ಕೂಡಲೆ ಇತರರಿಗೆ ಕಳುಹಿಸಿರೆಂದು ಒತ್ತಾಯಿಸಿದೆಯೇ? ಪ್ರತಿಯೊಂದರ ಎದುರಿಗೂ ಉತ್ತರ ಗುರುತಿಸಿ, ಅನಂತರ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೋ ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಗೋ ಪುಸ್ತಕವನ್ನು ತೋರಿಸಿ, ಯಾವುವು ಸರಿ ಯಾವುವು ತಪ್ಪೆಂದು ಕೇಳಿ ಮತ್ತೊಂದು ಕಂಬದಲ್ಲಿ ಬರೆದುಕೊಳ್ಳಿ. ಮೊದಲು ನೀವು ಗುರುತಿಸಿದ ಉತ್ತರಗಳಿಗೂ ಅವರು ಹೇಳಿದುದಕ್ಕೂ ಎಷ್ಟು ಹೊಂದಿಕೆಯಿದೆಯೆಂದು ಎಣಿಸಿ, ನೂರಕ್ಕೆ ಇಷ್ಟೆಂದು ಲೆಕ್ಕಹಾಕಿ ನೋಡಿ.